ಬಾಗಿಲು ಮುಚ್ಚದ ಪ್ರಾರ್ಥನೆ: ಪಂಡಿತಾ ರಮಾಬಾಯಿಯವರ ಜೀವನ

1893ರಲ್ಲಿ ಪುಣೆ ನಗರವು ಒಂದು ಕೋಣೆಯ ಬಾಗಿಲಿನ ಕುರಿತು ವಾದಿಸಿತು. ಆ ಕೋಣೆಯಲ್ಲಿ ಪ್ರತಿದಿನ ಬೆಳಗಿನ ಜಾವ ವಿಧವೆಯಾದ ತಾಯಿಯೊಬ್ಬಳು ತನ್ನ ಹನ್ನೆರಡು ವರ್ಷದ ಮಗಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಬೈಬಲ್ ಓದಿ ಪ್ರಾರ್ಥಿಸುತ್ತಿದ್ದಳು. ಆಕೆ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಅದೇ ಕಟ್ಟಡದಲ್ಲಿ ವಾಸವಾಗಿದ್ದ ಬಾಲವಿಧವೆಯರಲ್ಲಿ ಕೆಲವರು ತಾವಾಗಿಯೇ ಬಂದು ಹೊಸ್ತಿಲಲ್ಲಿ ನಿಲ್ಲುತ್ತಿದ್ದರು, ಮೆಲ್ಲಗೆ ಒಳಬಂದು ಕೂಡುತ್ತಿದ್ದರು. ಇಷ್ಟರಿಂದಲೇ ಪತ್ರಿಕೆಗಳಲ್ಲಿ ಲೇಖನಗಳು ಹರಿದವು, ಸಲಹಾ ಸಮಿತಿಯ ಗಣ್ಯರು ರಾಜೀನಾಮೆ ಕೊಟ್ಟರು, ಪಾಲಕರು ತಮ್ಮ ಹೆಣ್ಣುಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡು ಹೋದರು. ಆ ತಾಯಿ ಪಂಡಿತಾ ರಮಾಬಾಯಿ. ಮಗಳು ಮನೋರಮಾ.

ರಮಾಬಾಯಿಯವರನ್ನು ಮಹಾರಾಷ್ಟ್ರದ ಸಮಾಜ ಸುಧಾರಕಿಯೆಂದೇ ಎಲ್ಲರೂ ಗುರುತಿಸುತ್ತಾರೆ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಎರಡು ಭಾಷೆಯ ಮನೆಗಳಲ್ಲಿಯೂ ಅವರ ಹೆಸರು ಮರಾಠಿ ಪಠ್ಯಪುಸ್ತಕದ ಮೂಲಕವೇ ಬಂದಿರುವುದುಂಟು. ಆದರೆ ಅವರು ಹುಟ್ಟಿದ್ದು ಕನ್ನಡ ನಾಡಿನ ಪಶ್ಚಿಮ ಘಟ್ಟದ ಕಾಡಿನಲ್ಲಿ, ತುಂಗಾ, ಭದ್ರಾ, ನೇತ್ರಾವತಿ ನದಿಗಳು ಉಗಮಿಸುವ ಗಂಗಾಮೂಲದಲ್ಲಿ, 1858ರ ಏಪ್ರಿಲ್ 23ರಂದು. ಮನೆಮಾತು ಮರಾಠಿ. ಕನ್ನಡವನ್ನೂ ಬಲ್ಲವರಾಗಿದ್ದರು. ನಮ್ಮ ಗಡಿಭಾಗದ ಅನೇಕ ಕುಟುಂಬಗಳ ಸ್ಥಿತಿಯೇ ಅವರದೂ ಆಗಿತ್ತೆನ್ನಬಹುದು.

ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು, ಚಿತ್ಪಾವನ ಬ್ರಾಹ್ಮಣರು. ತರುಣರಾಗಿದ್ದಾಗ ಪುಣೆಗೆ ಹೋಗಿ ರಾಮಚಂದ್ರಶಾಸ್ತ್ರಿಗಳ ಬಳಿ ಸಂಸ್ಕೃತ ಕಲಿತರು. ಆ ಗುರುಗಳು ಎರಡನೆಯ ಬಾಜೀರಾಯ ಪೇಶ್ವೆಯ ಪತ್ನಿಗೂ ಸಂಸ್ಕೃತ ಹೇಳಿಕೊಡುತ್ತಿದ್ದರು. ಅರಮನೆಯಲ್ಲಿ ಒಬ್ಬ ಹೆಂಗಸು ಶ್ಲೋಕಗಳನ್ನು ಸ್ಪಷ್ಟವಾಗಿ ಪಠಿಸುವುದನ್ನು ಕೇಳಿದ ಅನಂತಶಾಸ್ತ್ರಿಗಳು ತಮ್ಮ ಹೆಂಡತಿಗೂ ವಿದ್ಯೆ ಕಲಿಸಬೇಕೆಂದು ನಿಶ್ಚಯಿಸಿದರು. ಮೊದಲ ಪತ್ನಿಯ ವಿಷಯದಲ್ಲಿ ಅದು ಕೈಗೂಡಲಿಲ್ಲ. ಕೆಲವು ವರ್ಷ ಮೈಸೂರು ಅರಮನೆಯ ಆಶ್ರಯದಲ್ಲಿದ್ದು, ಪತ್ನಿ ತೀರಿಕೊಂಡ ಬಳಿಕ ತೀರ್ಥಯಾತ್ರೆ ಕೈಗೊಂಡರು. ಗೋದಾವರಿ ತೀರದ ಪೈಠಣದಲ್ಲಿ ಸ್ನಾನಕ್ಕೆ ಬಂದ ಅಪರಿಚಿತ ಬ್ರಾಹ್ಮಣನೊಬ್ಬ ಮಾತಿಗೆ ಮಾತು ಬೆಳೆದು ತನ್ನ ಒಂಬತ್ತು ವರ್ಷದ ಮಗಳನ್ನು ಮರುದಿನವೇ ಇವರಿಗೆ ಧಾರೆಯೆರೆದುಕೊಟ್ಟ. ವರನಿಗೆ ಆಗ 44 ವರ್ಷ. ಇಂದಿನವರಿಗೆ ಕೇಳಲೂ ಕಷ್ಟವಾಗುವ ಇಂತಹ ವಿವಾಹದಿಂದಲೇ ಹತ್ತೊಂಬತ್ತನೆಯ ಶತಮಾನದ ಸ್ತ್ರೀವಿದ್ಯೆಯ ಅಪೂರ್ವ ಕಥೆಯೊಂದು ಆರಂಭವಾದದ್ದು ವಿಚಿತ್ರವೇ ಸರಿ.

ಆ ಬಾಲಿಕೆ ಲಕ್ಷ್ಮೀಬಾಯಿ. ಗಂಡನಿಂದ ಸಂಸ್ಕೃತ ಕಲಿತಳು. ಹೆಂಗಸಿಗೆ ದೇವಭಾಷೆ ಕಲಿಸುವುದೆಂದರೇನು ಎಂದು ಊರು ಸಿಡಿದೆದ್ದಿತು. ಉಡುಪಿಯಲ್ಲಿ ಸುಮಾರು 400 ಮಂದಿ ಪಂಡಿತರು ಸೇರಿದ ಸಭೆಯ ಮುಂದೆ ಅನಂತಶಾಸ್ತ್ರಿಗಳು ಶಾಸ್ತ್ರಾಧಾರಗಳನ್ನು ಮಂಡಿಸಿ ತಮ್ಮ ನಡೆಯನ್ನು ಸಮರ್ಥಿಸಿಕೊಂಡರು. ಆ ಮೇಲೆ ಊರಿನ ಸಹವಾಸವೇ ಬೇಡವೆಂದು ಗಂಗಾಮೂಲದ ಕಾಡು ಸೇರಿದರು. ಮೊದಲ ರಾತ್ರಿ ಅಲ್ಲಿ ಸೂರೂ ಇರಲಿಲ್ಲ. ಹುಲಿಯ ಗರ್ಜನೆ ಕೇಳುತ್ತಿರಲು ಲಕ್ಷ್ಮೀಬಾಯಿ ದುಪ್ಪಟಿಯೊಳಗೆ ಮುದುಡಿಕೊಂಡು ನೆಲದ ಮೇಲೆ ಮಲಗಿದ್ದರೆ ಗಂಡ ಬೆಳಗಿನವರೆಗೆ ಕಾವಲು ಕಾದನಂತೆ. ಮುಂದೆ ಅಲ್ಲೊಂದು ಆಶ್ರಮ ಬೆಳೆಯಿತು. ವಿದ್ಯಾರ್ಥಿಗಳು ಬಂದರು, ಯಾತ್ರಿಕರು ಬಂದರು. ಬಂದವರಿಗೆಲ್ಲ ಅನ್ನವಿಕ್ಕಿ ಶಾಸ್ತ್ರಿಗಳು ಸಾಲಗಾರರಾದರು. ಇದ್ದ ಭೂಮಿ ಮಾರಿ ಹೋಯಿತು. ಕಿರಿಯ ಮಗಳು ರಮೆಗೆ ಆರು ತಿಂಗಳಾಗಿದ್ದಾಗ ಕುಟುಂಬ ಕಾಡು ಬಿಟ್ಟಿತು. ಬೆತ್ತದ ಪೆಟ್ಟಿಗೆಯಲ್ಲಿ ಕೂಸನ್ನು ಮಲಗಿಸಿ ಆಳೊಬ್ಬನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿದರು.

ಮುಂದಿನ ಹದಿನಾರು ವರ್ಷ ಅಲೆದಾಟ. ತೀರ್ಥದಿಂದ ತೀರ್ಥಕ್ಕೆ ಹೋಗುವುದು, ದೇವಸ್ಥಾನದ ಆವರಣದಲ್ಲಿ ಅಥವಾ ನದಿಯ ದಡದಲ್ಲಿ ಕುಳಿತು ಪುರಾಣ ಹೇಳುವುದು, ಕೇಳುಗರು ಇಟ್ಟ ಕಾಳು, ಹಣ್ಣು, ಕಾಸಿನಿಂದ ಹೊಟ್ಟೆ ಹೊರೆಯುವುದು. ಅನಂತಶಾಸ್ತ್ರಿಗಳಿಗೆ ವಯಸ್ಸಾಗಿ ದೃಷ್ಟಿ ಮಂದವಾಗಿದ್ದರಿಂದ ರಮೆಯ ಪಾಠ ತಾಯಿಯ ಪಾಲಿಗೆ ಬಂತು. ಹಗಲೆಲ್ಲ ಗೃಹಕೃತ್ಯ. ಹಾಗಾಗಿ ಲಕ್ಷ್ಮೀಬಾಯಿ ಹಕ್ಕಿಗಳು ಏಳುವ ಮೊದಲೇ ಎದ್ದು ನಿದ್ದೆಗಣ್ಣಿನ ಮಗಳನ್ನು ತೋಳಲ್ಲಿ ಎತ್ತಿಕೊಂಡು, ಮುದ್ದುಮಾಡಿ ಎಚ್ಚರಿಸಿ, ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಹದಿನೈದು ವರ್ಷ ತುಂಬುವ ಹೊತ್ತಿಗೆ ಭಾಗವತದ 18,000 ಶ್ಲೋಕಗಳು ಮಗಳ ಕಂಠದಲ್ಲಿದ್ದವು. ಬೆಳಗಿನ ಜಾವದ ಈ ರೂಢಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಪುಣೆಯ ಕೋಣೆಯಲ್ಲಿ ನಡೆದದ್ದು ಇದರದೇ ಮುಂದುವರಿಕೆ. ಬದಲಾದದ್ದು ಗ್ರಂಥ ಮಾತ್ರ.

ತಂದೆಯ ಕೊನೆಯ ಅಪ್ಪುಗೆ

1874ರ ಸುಮಾರಿಗೆ ಮದ್ರಾಸ್ ಪ್ರಾಂತದಲ್ಲಿ ಬರ ಕಾಲಿಟ್ಟಿತು. ಪುರಾಣ ಕೇಳಲು ಜನರಿಲ್ಲ, ಕೊಡಲು ಅವರಲ್ಲೂ ಏನಿಲ್ಲ. ಅನಂತಶಾಸ್ತ್ರಿಗಳ ಕುಟುಂಬಕ್ಕೆ ಬೇರೆ ಕಸುಬು ತಿಳಿಯದು, ಕೂಲಿ ಮಾಡುವುದು ಕುಲಕ್ಕೆ ಕುಂದೆಂಬ ಭಾವನೆ. ಇದ್ದಬದ್ದ ಪಾತ್ರೆ, ಒಡವೆ, ವಸ್ತ್ರಗಳನ್ನು ಮಾರಿ ದಾನಧರ್ಮ ಮಾಡಿದರು. ದೇವರು ಕಣ್ತೆರೆಯುವನೆಂದು ಉಪವಾಸವಿದ್ದು ಜಪ ಮಾಡಿದರು. ಕೊನೆಗೆ ತಿರುಪತಿಯ ಬಳಿಯ ಕಾಡಿನಲ್ಲಿ, ಎಲೆಗಳನ್ನು ತಿಂದು ದಿನ ದೂಡುವ ಸ್ಥಿತಿ ಬಂದಾಗ ಮುದುಕರಾದ ಶಾಸ್ತ್ರಿಗಳು ಜಲಸಮಾಧಿಯ ನಿರ್ಧಾರ ಮಾಡಿದರು. ಎಲ್ಲರನ್ನೂ ಬೀಳ್ಕೊಂಡು ಕೊನೆಗೆ ಕಿರಿಯ ಮಗಳನ್ನು ಎದೆಗವಚಿಕೊಂಡರು. ಅವಳನ್ನು ತಾವು ದೇವರ ಕೈಗೆ ಒಪ್ಪಿಸಿರುವುದಾಗಿಯೂ, ಅವಳು ಎಂದಿಗೂ ಅವನ ಸೇವೆಯನ್ನೇ ಮಾಡಬೇಕೆಂದೂ ಹೇಳಿ ಹರಸಿದರು. ಮಗ ಶ್ರೀನಿವಾಸನು ಜಾತಿಯ ಹೆಮ್ಮೆ ಬಿಟ್ಟು ಕೂಲಿ ಮಾಡಿಯಾದರೂ ಸಾಕುವೆನೆಂದು ತಡೆದುದರಿಂದ ಜಲಸಮಾಧಿ ನಿಂತಿತು. ಆದರೆ ತಂದೆ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಈ ಅಪ್ಪುಗೆಯನ್ನು ರಮಾಬಾಯಿ ಜೀವನಪರ್ಯಂತ ಮರೆಯಲಿಲ್ಲ. ತಂದೆ ಯಾವ ದೇವರಿಗೆ ತನ್ನನ್ನು ಒಪ್ಪಿಸಿದನೋ ಆ ದೇವರನ್ನು ತಾನು ಬೇರೊಂದು ದಾರಿಯಲ್ಲಿ ಕಂಡೆನೆಂದು, ಆದರೆ ತಂದೆಯ ಪ್ರಾರ್ಥನೆ ವ್ಯರ್ಥವಾಗಲಿಲ್ಲವೆಂದು ಅವರು ನಂಬಿದ್ದರು. ಅನಂತಶಾಸ್ತ್ರಿಗಳು ಬದುಕಿದ್ದರೆ ಇದನ್ನು ಒಪ್ಪುತ್ತಿದ್ದರೆಂದು ಹೇಳುವುದು ಕಷ್ಟ.

ತಾಯಿಯ ಸಾವು ಇದಕ್ಕಿಂತ ದಾರುಣ. ಜ್ವರದಿಂದ ಬಳಲಿ, ಹಸಿವಿನಿಂದ ಬಾಯಿ ಒಣಗಿದ್ದ ಲಕ್ಷ್ಮೀಬಾಯಿ ಒಂದು ತುಂಡು ರೊಟ್ಟಿ ಬೇಡಿದರು. ಹದಿನಾರರ ಮಗಳು ಒಬ್ಬ ಬ್ರಾಹ್ಮಣ ಗೃಹಿಣಿಯ ಮನೆ ಬಾಗಿಲಲ್ಲಿ ನಿಂತಳು. ಭಿಕ್ಷೆ ಬೇಡಲು ನಾಲಿಗೆ ಏಳಲಿಲ್ಲ. ಆ ತಾಯಿಯೇ ಅರಿತು ಸಜ್ಜೆಯ ರೊಟ್ಟಿಯ ತುಂಡನ್ನು ಕೈಗಿತ್ತಳು. ಓಡೋಡಿ ತಂದರೆ ತಿನ್ನುವ ಶಕ್ತಿ ತಾಯಿಗೆ ಉಳಿದಿರಲಿಲ್ಲ. ಚಟ್ಟ ಹೊರಲು ಜನ ಸಿಗಲಿಲ್ಲ. ಅಣ್ಣ ಮತ್ತು ಕನಿಕರಪಟ್ಟ ಇಬ್ಬರು ಬ್ರಾಹ್ಮಣರೊಂದಿಗೆ ನಾಲ್ಕನೆಯವಳಾಗಿ ರಮಾ ಹೆಗಲು ಕೊಟ್ಟಳು. ಗಿಡ್ಡ ಮೈಕಟ್ಟಿನವಳಾದ್ದರಿಂದ ಚಟ್ಟದ ಮೂಲೆಯನ್ನು ತಲೆಯ ಮೇಲೆಯೇ ಹೊರಬೇಕಾಯಿತು. ಅಕ್ಕ ಕೃಷ್ಣಾಬಾಯಿಯೂ ಮುಂದೆ ತೀರಿಕೊಂಡಳು. 1887ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮೇಲ್ಜಾತಿಯ ಹಿಂದೂ ಸ್ತ್ರೀಯರ ಕುರಿತ ಇಂಗ್ಲಿಷ್ ಪುಸ್ತಕವನ್ನು ರಮಾಬಾಯಿ ಅರ್ಪಿಸಿದ್ದು ಈ ತಾಯಿಗೆ.

ಉಳಿದ ಅಣ್ಣ ತಂಗಿ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ಮುಟ್ಟಿದರು. ಇಪ್ಪತ್ತು ವರ್ಷದ ಹೆಣ್ಣುಮಗಳ ಸಂಸ್ಕೃತ ಕೇಳಿ ಅಲ್ಲಿನ ವಿದ್ವಾಂಸರು ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಒಂದು ಕ್ರೈಸ್ತ ಕೂಟದಲ್ಲಿ ಸಂಸ್ಕೃತ ಬೈಬಲ್ ದೊರೆಯಿತು, ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೊಟ್ಟರು. ಬೈಬಲಿನ ಸಂಸ್ಕೃತ ಆಗ ಆಕೆಗೆ ರುಚಿಸಲಿಲ್ಲ, ತಲೆಬುಡ ತಿಳಿಯಲಿಲ್ಲ. 1880ರಲ್ಲಿ ಢಾಕಾದಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಅಣ್ಣನ ಸ್ನೇಹಿತನಾಗಿದ್ದ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧ್ವಿಯನ್ನು ರಿಜಿಸ್ಟರ್ ವಿವಾಹವಾದರು. ವರ ಬ್ರಾಹ್ಮಣೇತರ, ಬೇರೆ ಪ್ರಾಂತದವನು. ಎರಡು ಕಡೆಯ ಸಮಾಜವೂ ಬಹಿಷ್ಕಾರ ಹಾಕಿತು. 1881ರ ಏಪ್ರಿಲಿನಲ್ಲಿ ಮಗಳು ಹುಟ್ಟಿದಳು. 1882ರ ಫೆಬ್ರುವರಿಯಲ್ಲಿ ಗಂಡ ಕಾಲರಾಕ್ಕೆ ಬಲಿಯಾದ. ಸಿಲ್ಚಾರಿನ ಮನೆಯ ಪುಸ್ತಕಗಳ ನಡುವೆ ಆಕೆಗೆ ಸಿಕ್ಕಿದ್ದ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯೊಂದು ಮನಸ್ಸಿನಲ್ಲಿ ಉಳಿದುಕೊಂಡಿತು. ಗಂಡನಿಗೆ ಆ ಒಲವು ಹಿಡಿಸಿರಲಿಲ್ಲವೆಂಬುದೂ ನಿಜ.

ಮಗಳು ಯಾರವಳು?

ಹಸುಗೂಸಿನೊಂದಿಗೆ ಪುಣೆಗೆ ಬಂದ ರಮಾಬಾಯಿ ಅದೇ ವರ್ಷ ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ನುಡಿದರು. ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕ ಬರೆದು, ಅದರ ಮಾರಾಟದ ಹಣದಿಂದ 1883ರಲ್ಲಿ ವೈದ್ಯಕೀಯ ಕಲಿಯಲೆಂದು ಇಂಗ್ಲೆಂಡಿಗೆ ಹೊರಟರು. ಕಿವಿ ಮಂದವಾಗುತ್ತ ಬಂದುದರಿಂದ ವೈದ್ಯಕೀಯದ ಆಸೆ ಕೈಬಿಟ್ಟಿತು. ಆ ವರ್ಷದ ಸೆಪ್ಟೆಂಬರ್ 29ರಂದು ವಾಂಟೇಜ್ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ತಾಯಿ ಮಗಳು ಇಬ್ಬರೂ ದೀಕ್ಷಾಸ್ನಾನ ಪಡೆದರು. ಸ್ವದೇಶದಲ್ಲಿ ಕೋಲಾಹಲವೆದ್ದಿತು. ಬಹಿರಂಗವಾಗಿ ಆಕೆಯ ಪರ ನಿಂತ ಕೆಲವೇ ಹಿಂದೂಗಳಲ್ಲಿ ಜ್ಯೋತಿಬಾ ಫುಲೆ ಒಬ್ಬರು.

ಧರ್ಮ ಬದಲಿಸಿದವಳು ಹೊಸ ಧರ್ಮದ ಗುರುಗಳ ಮಾತನ್ನು ತಲೆಬಾಗಿ ಕೇಳುವಳೆಂದು ಯಾರಾದರೂ ಎಣಿಸಿದ್ದರೆ ಅದು ತಪ್ಪಾಯಿತು. ವಾಂಟೇಜಿನ ಸಿಸ್ಟರ್ ಜೆರಾಲ್ಡಿನ್ ಮತ್ತು ರಮಾಬಾಯಿಯವರ ನಡುವೆ ವರ್ಷಗಟ್ಟಲೆ ನಡೆದ ಪತ್ರ ವ್ಯವಹಾರದ ಬಹುಭಾಗ ವಾಗ್ವಾದವೇ. ತ್ರಯೇಕತ್ವದಂತಹ ಸಿದ್ಧಾಂತಗಳನ್ನು ಸ್ವಂತ ಬುದ್ಧಿಗೆ ಒಪ್ಪಿಗೆಯಾಗುವವರೆಗೆ ಉರು ಹೊಡೆಯಲು ಆಕೆ ಸಿದ್ಧರಿರಲಿಲ್ಲ. ಮಾಂಸಾಹಾರ ಮುಟ್ಟಲಿಲ್ಲ. ಆದರೆ ವಾದ ಕಾವೇರಿದ್ದು ಮನೋರಮೆಯ ವಿಷಯದಲ್ಲಿ. ತಾನು ಒಪ್ಪದ ಮತಸಿದ್ಧಾಂತಗಳನ್ನು ಪುಟ್ಟ ಮಗುವಿನ ಬಾಯಲ್ಲಿ ತುರುಕುವುದನ್ನು ತಾಯಿ ವಿರೋಧಿಸಿದರು. ಮಗಳು ಇಂಗ್ಲಿಷ್ ಮಡಮ್ಮನಾಗಬಾರದು, ಭಾರತದ ಹೆಣ್ಣುಮಗಳೆಂದು ಹೇಳಿಕೊಳ್ಳಲು ನಾಚಬಾರದು, ತನ್ನ ಜನರನ್ನು ತನ್ನವರೆಂದೇ ಪ್ರೀತಿಸಬೇಕು ಎಂಬುದು ಅವರ ಹಟವಾಗಿತ್ತು. ಮಗುವಿನ ಮೇಲೆ ಯಾವ ಮಾತನ್ನು ನುಡಿಯಬೇಕು, ಯಾವ ಪ್ರಾರ್ಥನೆಯನ್ನು ಕಲಿಸಬೇಕು ಎಂಬುದು ತಾಯಿಯ ಹಕ್ಕೆ, ಸಭೆಯ ಹಕ್ಕೆ? ಪುಣೆಯ ಹಿಂದೂ ಮುಖಂಡರೊಂದಿಗೆ ಮುಂದೆ ನಡೆದ ಜಗಳದ ತಿರುಳೂ ಇದೇ ಪ್ರಶ್ನೆ. ರಮಾಬಾಯಿ ಎರಡೂ ಕಡೆ ಕೊಟ್ಟ ಉತ್ತರ ಒಂದೇ ಆಗಿತ್ತು.

1886ರಲ್ಲಿ ಅವರು ಅಮೆರಿಕಕ್ಕೆ ತೆರಳಿದರು. ದೂರದ ಸಂಬಂಧಿಕಳಾದ ಆನಂದಿಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ವೈದ್ಯಕೀಯ ಪದವಿ ಪಡೆಯುವ ಸಮಾರಂಭಕ್ಕೆ ಹೋದದ್ದು ನೆಪ. (ನಿಪ್ಪಾಣಿಯ ಕೂಗಳತೆಯ ಕೊಲ್ಹಾಪುರದ ಆಸ್ಪತ್ರೆಗೇ ನೇಮಕಗೊಂಡಿದ್ದ ಆನಂದಿಬಾಯಿ ಕೆಲಸ ಆರಂಭಿಸುವ ಮೊದಲೇ, 1887ರಲ್ಲಿ, ಕ್ಷಯದಿಂದ ತೀರಿಕೊಂಡರು.) ಮನೋರಮೆಯನ್ನು ವಾಂಟೇಜಿಗೆ ಮರಳಿ ಕಳುಹಿಸಿ ರಮಾಬಾಯಿ ಅಮೆರಿಕದ ಊರೂರು ಸುತ್ತಿ ಭಾಷಣ ಮಾಡಿದರು. 1887ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ರಮಾಬಾಯಿ ಸಂಘ ರೂಪುಗೊಂಡು ಬಾಲವಿಧವೆಯರ ಶಾಲೆಯೊಂದಕ್ಕೆ ಹತ್ತು ವರ್ಷ ಹಣ ಒದಗಿಸುವ ಹೊಣೆ ಹೊತ್ತಿತು. ಷರತ್ತು ಸ್ಪಷ್ಟವಾಗಿತ್ತು. ಶಾಲೆಯಲ್ಲಿ ಮತಬೋಧನೆ ಇರಕೂಡದು.

ಶಾರದಾ ಸದನದ ಬೆಳಗು

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ತೆರೆಯಿತು, ಮರುವರ್ಷ ಪುಣೆಗೆ ಸ್ಥಳಾಂತರವಾಯಿತು. ನ್ಯಾಯಮೂರ್ತಿ ರಾನಡೆ, ಡಾ. ಭಾಂಡಾರಕರರಂತಹ ಸುಧಾರಕರು ಸಲಹಾ ಸಮಿತಿಯಲ್ಲಿದ್ದರು. ಹುಡುಗಿಯರಿಗೆ ಅವರವರ ಆಚಾರದಂತೆ ಊಟ, ಪೂಜೆಗೆ ಅವಕಾಶವಿತ್ತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬಳಾದ ಗೋದೂಬಾಯಿ ಎಂಬ ಬಾಲವಿಧವೆ 1893ರಲ್ಲಿ ಧೋಂಡೊ ಕೇಶವ ಕರ್ವೆಯವರನ್ನು ವಿವಾಹವಾದಳು. ಮಹರ್ಷಿ ಕರ್ವೆಯವರ ಮುಂದಿನ ಸ್ತ್ರೀಶಿಕ್ಷಣ ಕಾರ್ಯದ ಬೇರು ಶಾರದಾ ಸದನದವರೆಗೆ ಹಬ್ಬಿದೆಯೆಂಬುದನ್ನು ಪುಣೆಯ ಇತಿಹಾಸಕಾರರೂ ಒಪ್ಪುತ್ತಾರೆ.

ಸದನದ ನಿಯಮವೇನೇ ಇರಲಿ, ರಮಾಬಾಯಿ ಕ್ರೈಸ್ತ ತಾಯಿ. ತನ್ನ ಕೋಣೆಯಲ್ಲಿ ತನ್ನ ಮಗಳೊಂದಿಗೆ ಪ್ರಾರ್ಥಿಸುವುದನ್ನು ಬಿಡುವ ಪ್ರಶ್ನೆಯೇ ಇರಲಿಲ್ಲ. ಬೆಳಗಿನ ಜಾವ ಬೈಬಲಿನ ಭಾಗವೊಂದನ್ನು ಓದುವುದು, ಅದೇ ವಾಕ್ಯಗಳನ್ನು ಹಿಡಿದು ದೇವರೊಡನೆ ಮಾತಾಡುವುದು. ಇದು ಕ್ರೈಸ್ತ ಕುಟುಂಬಗಳಲ್ಲಿ ಇಂದಿಗೂ ಇರುವ ಪದ್ಧತಿ. ಸತ್ಯವೇದದಲ್ಲಿ ದೇವರು ತನ್ನ ಜನರಿಗೆ ಮಾಡಿದ ವಾಗ್ದಾನವನ್ನು ತಾಯಿ ತಂದೆಯರು ತೆಗೆದುಕೊಂಡು, ಮಗುವಿನ ಹೆಸರನ್ನು ಅದರೊಳಗೆ ಸೇರಿಸಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಲಂಡನ್ ಮಿಷನ್ನಿನವರು 1820ರಲ್ಲಿ ಬೆಳಗಾವಿಗೆ ಕಾಲಿಟ್ಟಂದಿನಿಂದ, 1904ರಲ್ಲಿ ಆ ಕಾರ್ಯ ಮೆಥೊಡಿಸ್ಟರ ಕೈಗೆ ಬಂದ ಮೇಲೆಯೂ, ಈ ಜಿಲ್ಲೆಯ ಕ್ರೈಸ್ತ ಮನೆಗಳಿಗೆ ಈ ರೂಢಿ ಹೊಸದಲ್ಲ. ಹೊಸ ವರ್ಷದ ದಿನ ಪ್ರತಿ ಮಗುವಿಗೂ ಒಂದು ವಾಗ್ದಾನ ವಾಕ್ಯ ಆರಿಸಿ ಕೊಡುವ ಮನೆಗಳಿವೆ. ಮಕ್ಕಳ ಹಣೆಗೆ ವಿಭೂತಿಯಿಟ್ಟು ವಚನ ಹೇಳಿಸುವ, ದೀಪದ ಮುಂದೆ ಶ್ಲೋಕ ಹೇಳಿಸುವ, ಕಿವಿಯಲ್ಲಿ ಅಜಾನ್ ಉಸುರುವ ನೆರೆಹೊರೆಯವರ ನಡುವೆ ಇದು ವಿಚಿತ್ರವೆನಿಸಬೇಕಾದ ಸಂಗತಿಯೂ ಅಲ್ಲ.

ಆದರೆ 1893ರ ಪುಣೆಯಲ್ಲಿ ಅದು ವಿಚಿತ್ರವೆನಿಸಿತು. ಬಾಲವಿಧವೆಯರು ಆ ಕೋಣೆಗೆ ಹೋಗಿ ಕೂಡುತ್ತಿದ್ದಾರೆಂಬ ಸುದ್ದಿ ಹಬ್ಬಿತು. ತಿಲಕರ ಕೇಸರಿ ಪತ್ರಿಕೆ ಮೊದಲಿನಿಂದಲೂ ಸದನವನ್ನು ಸಂಶಯದಿಂದ ನೋಡುತ್ತಿತ್ತು, ಈಗ ಕಟುವಾಗಿ ಬರೆಯಿತು. ಮುಂದೆ 1916ರಲ್ಲಿ ಬೆಳಗಾವಿಯಲ್ಲಿಯೇ ಹೋಂ ರೂಲ್ ಲೀಗ್ ಕಟ್ಟಿದ ತಿಲಕರನ್ನು ಗೌರವಿಸುವ ಈ ಭಾಗದವರು ಆ ವಿವಾದದಲ್ಲಿ ಅವರ ಮಾತನ್ನೂ ನ್ಯಾಯವಾಗಿ ತೂಗಬೇಕಾಗುತ್ತದೆ. ಅವರ ಆಕ್ಷೇಪ ಪೂರ್ಣ ಹುರುಳಿಲ್ಲದ್ದಾಗಿರಲಿಲ್ಲ. ಮತಬೋಧನೆ ಇಲ್ಲವೆಂಬ ಭರವಸೆಯ ಮೇಲೆ ಪಾಲಕರು ಹುಡುಗಿಯರನ್ನು ಕಳುಹಿಸಿದ್ದರು. ಅನ್ನ, ವಸತಿ, ಅಕ್ಷರ ಕೊಟ್ಟವಳ ಕೋಣೆಯ ತೆರೆದ ಬಾಗಿಲು, ಮನೆಯವರಿಂದ ತಿರಸ್ಕೃತಳಾದ ಹದಿಹರೆಯದ ಹುಡುಗಿಗೆ ಬರಿಯ ಬಾಗಿಲಲ್ಲ.

ಸಮಿತಿಯವರು ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಬೇಕೆಂದು ಸೂಚಿಸಿದರು. ರಮಾಬಾಯಿ ಒಪ್ಪಲಿಲ್ಲ. ಹಿಂದೂ ತಾಯಂದಿರು ತಮ್ಮ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಪೂಜೆ ಮಾಡುವುದಿಲ್ಲ, ಹೀಗಿರುವಾಗ ತಾನು ಮಾತ್ರ ಕಳ್ಳತನ ಮಾಡಿದವಳಂತೆ ಅವಿತುಕೊಳ್ಳಬೇಕೇಕೆ ಎಂಬುದು ಅವರ ನಿಲುವು. ಯಾರನ್ನೂ ಕರೆಯುವುದಿಲ್ಲ, ತಾವಾಗಿ ಬಂದವರನ್ನು ಹೊರಗಟ್ಟುವುದೂ ಇಲ್ಲ. 1893ರ ಆಗಸ್ಟಿನಲ್ಲಿ ರಾನಡೆ, ಭಾಂಡಾರಕರ ಮೊದಲಾದವರು ಸಂಬಂಧ ಕಡಿದುಕೊಂಡರು. ಸುಮಾರು 25 ಹುಡುಗಿಯರನ್ನು ಮನೆಯವರು ಕರೆದೊಯ್ದರು. ಮರಳಿ ಹೋದವರಲ್ಲಿ ಎಷ್ಟು ಮಂದಿಯ ಓದು ಅಲ್ಲಿಗೇ ನಿಂತಿತೆಂಬುದನ್ನು ಬರೆದಿಟ್ಟವರಿಲ್ಲ. ಎರಡು ಪಕ್ಷದ ಹಟದ ನಡುವೆ ಬೆಲೆ ತೆತ್ತವರು ಅವರೇ. ಬಾಸ್ಟನ್ನಿನ ಸಂಘ ವಿಚಾರಣೆ ನಡೆಸಿ ರಮಾಬಾಯಿಯವರ ಬೆನ್ನಿಗೆ ನಿಂತಿತು. ಸದನ ಉಳಿಯಿತು. ಆದರೆ ಸುಧಾರಕರ ಪುಣೆಯಿಂದ ಅವರು ಶಾಶ್ವತವಾಗಿ ದೂರ ಸರಿದರು.

ಹದಿನೈದರ ವರ್ಗ

ಅಲ್ಲಿಂದ ಮುಂದೆ ರಮಾಬಾಯಿಯವರ ಪ್ರಾರ್ಥನೆ ಒಬ್ಬ ಮಗಳಿಗೆ ಸೀಮಿತವಾಗಿ ಉಳಿಯಲಿಲ್ಲ. ಲೋಣಾವಳದ ಕ್ರೈಸ್ತ ಶಿಬಿರವೊಂದಕ್ಕೆ ಹೋದಾಗ ಅವರ ಜೊತೆ ಕ್ರಿಸ್ತನಲ್ಲಿ ನಂಬಿಕೆಯಿಟ್ಟ 15 ಹುಡುಗಿಯರಿದ್ದರು. ಒಂದು ಬೆಳಗಿನ ಜಾವ ಏಕಾಂತದಲ್ಲಿ ಪ್ರಾರ್ಥಿಸುತ್ತ, ಈ ಸಂಖ್ಯೆಯ ವರ್ಗದಷ್ಟು, ಅಂದರೆ 225 ಮಕ್ಕಳನ್ನು ಕೊಡೆಂದು ಅವರು ದೇವರನ್ನು ಬೇಡಿದರು. ಹೀಗೆ ಬೇಡಲು ಧೈರ್ಯ ಕೊಟ್ಟದ್ದು ಬೈಬಲಿನ ವಾಕ್ಯವೆಂದು ಅವರೇ ಬರೆದಿದ್ದಾರೆ. ಆಗ ಸದನದಲ್ಲಿ ಅಷ್ಟು ಜನರಿಗೆ ಜಾಗವೂ ಇರಲಿಲ್ಲ, ಹಣವೂ ಇರಲಿಲ್ಲ.

1896-97ರಲ್ಲಿ ಮಧ್ಯ ಪ್ರಾಂತದಲ್ಲಿ ಭೀಕರ ಬರ ಬಿದ್ದಿತು. ಸಜ್ಜೆ ರೊಟ್ಟಿಯ ತುಂಡಿಗೆ ಕೈಯೊಡ್ಡಿದ್ದ ರಮೆಗೆ ಬರವೆಂದರೆ ವರದಿಯಲ್ಲ. ತಾನೇ ಹೋಗಿ ನೋಡಿದರು. ಅನಾಥ ಹೆಣ್ಣುಮಕ್ಕಳು ಹಸಿವಿಗಿಂತ ಹೆಚ್ಚಾಗಿ ದಲ್ಲಾಳಿಗಳ ಕೈಗೆ ಸಿಕ್ಕಿ ಹಾಳಾಗುವುದನ್ನು ಕಂಡು ತಂಡತಂಡವಾಗಿ ಕರೆತಂದರು. ಸುಮಾರು 300 ಮಂದಿ ಬಂದರು. ಪ್ಲೇಗಿನ ಭಯದಿಂದ ಪುಣೆಯಲ್ಲಿ ಅಷ್ಟು ಜನರನ್ನು ಇಡಲು ಸರಕಾರ ಬಿಡಲಿಲ್ಲ. ಪುಣೆಯಿಂದ ಸುಮಾರು 55 ಕಿ.ಮೀ. ದೂರದ ಕೇಡಗಾಂವ ರೈಲು ನಿಲ್ದಾಣದ ಬಳಿ ಮೊದಲೇ ಕೊಂಡಿದ್ದ 100 ಎಕರೆ ಹೊಲಕ್ಕೆ ಅವರನ್ನು ಕರೆದೊಯ್ದರು. ಡೇರೆ, ಗುಡಿಸಲುಗಳಲ್ಲಿ ಆರಂಭವಾದ ಆ ವಸತಿಯೇ ಮುಕ್ತಿ ಸದನ. 1900ರ ಗುಜರಾತಿನ ಬರದ ನಂತರ ಅಲ್ಲಿದ್ದವರ ಸಂಖ್ಯೆ 2,000ದ ಸಮೀಪಕ್ಕೆ ಮುಟ್ಟಿತು.

ಎರಡು ಸಾವಿರ ಬಾಯಿಗೆ ಅನ್ನವೆಂದರೆ ಪ್ರಾರ್ಥನೆಯೊಂದೇ ಸಾಲದು. ಬಾವಿಗಳನ್ನು ತೋಡಿಸಿದರು, ತೋಟ ಮಾಡಿಸಿದರು. ಎಣ್ಣೆಗಾಣ, ನೇಯ್ಗೆ, ಹೈನ, ಹೊಲಿಗೆ, ಅಡುಗೆ, ಮುದ್ರಣಾಲಯ ಎಲ್ಲವನ್ನೂ ಹೆಣ್ಣುಮಕ್ಕಳೇ ನಡೆಸುತ್ತಿದ್ದರು. ಕುರುಡಿಯರಿಗೆ ಬೇರೆ ಶಾಲೆ, ಮೋಸಹೋದ ಹೆಂಗಸರಿಗೆ ಬೇರೆ ಆಶ್ರಯ, ಮುದುಕಿಯರಿಗೆ ಇನ್ನೊಂದು. ಬರಗಾಲದಿಂದ ಬಂದ ಮಕ್ಕಳು ಸುಲಭದವರಾಗಿರಲಿಲ್ಲ. ಕದಿಯುತ್ತಿದ್ದರು, ಕಚ್ಚಾಡುತ್ತಿದ್ದರು, ಹಸಿವಿನ ನೆನಪಿನಿಂದ ರೊಟ್ಟಿಯನ್ನು ಬಚ್ಚಿಡುತ್ತಿದ್ದರು. ಅನೇಕರು ಬಂದ ಕೆಲವೇ ದಿನಗಳಲ್ಲಿ ಕಾಯಿಲೆಯಿಂದ ಸತ್ತರು. ಇವರನ್ನೆಲ್ಲ ಹೆಸರು ಹಿಡಿದು ಪ್ರಾರ್ಥಿಸುವ ವ್ಯವಸ್ಥೆ ಮುಕ್ತಿಯಲ್ಲಿ ಬೆಳೆಯಿತು. ನೂರಾರು ಮಕ್ಕಳ ಗುಂಪಿನಲ್ಲಿ ಯಾರೂ ಹೆಸರಿಲ್ಲದವರಾಗದಂತೆ ಹಿರಿಯ ಹುಡುಗಿಯರು ಕಿರಿಯರ ಹೆಸರುಗಳನ್ನು ಹಂಚಿಕೊಂಡು ಪ್ರಾರ್ಥಿಸುತ್ತಿದ್ದರು. 1905ರ ಆರಂಭದಲ್ಲಿ ದಿನನಿತ್ಯದ ವಿಶೇಷ ಪ್ರಾರ್ಥನಾ ಕೂಟಗಳು ಆರಂಭವಾಗಿ, ಆ ವರ್ಷದ ಜೂನ್ ಅಂತ್ಯದಲ್ಲಿ ಅಳು, ಹಾಡು, ಪಾಪ ನಿವೇದನೆಗಳಿಂದ ಕೂಡಿದ ದೊಡ್ಡ ಉಜ್ಜೀವನವೇ ಅಲ್ಲಿ ನಡೆಯಿತು. ಅದರ ಸುದ್ದಿ ಇಂಗ್ಲೆಂಡ್, ಅಮೆರಿಕಗಳವರೆಗೆ ಹೋಯಿತು. ಅದನ್ನು ದೈವಕೃಪೆಯೆಂದವರೂ ಉನ್ಮಾದವೆಂದವರೂ ಇದ್ದರು. ಮಿಷನರಿಗಳಲ್ಲಿಯೇ ಈ ಕುರಿತು ಒಮ್ಮತವಿರಲಿಲ್ಲ.

ಮನೋರಮಾ

ಇಷ್ಟೆಲ್ಲ ಮಕ್ಕಳ ತಾಯಿಯಾದವಳ ಸ್ವಂತ ಮಗಳ ಬದುಕು ಹೇಗಿತ್ತು? ಎರಡು ವರ್ಷದವಳಾಗಿ ಹಡಗು ಹತ್ತಿದ ಮನೋರಮಾ ಇಂಗ್ಲೆಂಡ್, ಅಮೆರಿಕ, ಭಾರತಗಳ ನಡುವೆ ಬೆಳೆದಳು. ತಾಯಿಯಿಂದ ದೂರವಿದ್ದ ವರ್ಷಗಳೂ ಕಡಿಮೆಯಲ್ಲ. ಕಲಿತು ಬಂದ ಮೇಲೆ ತನಗೆ ಬೇರೆ ಬದುಕು ಬೇಕೆಂದು ಕೇಳಲಿಲ್ಲ. ಮದುವೆಯಾಗಲಿಲ್ಲ. ಶಾರದಾ ಸದನದ ಮುಖ್ಯಾಧ್ಯಾಪಕಿಯಾಗಿ, ಕಿವಿ ಕೇಳದ ತಾಯಿಗೆ ಕಿವಿಯಾಗಿ, ಕಾರ್ಯದರ್ಶಿಯಾಗಿ ದುಡಿದಳು. ಸಂಸ್ಥೆಗಾಗಿ ವಿದೇಶ ಸುತ್ತಿದಳು. ಪದವೀಧರೆಯಾದಳು. 1912ರ ಸುಮಾರಿಗೆ ನಿಜಾಮ ಸಂಸ್ಥಾನಕ್ಕೆ ಸೇರಿದ್ದ ಗುಲ್ಬರ್ಗಾದಲ್ಲಿ, ಇಂದಿನ ಕಲಬುರಗಿಯಲ್ಲಿ, ತಾಯಿ ಮಗಳು ಕೂಡಿ ಶಾಲೆಯೊಂದನ್ನು ತೆರೆದರು. ಘಟ್ಟದಿಂದ ಬೆತ್ತದ ಪೆಟ್ಟಿಗೆಯಲ್ಲಿ ಹೊರಬಿದ್ದ ರಮಾಬಾಯಿ ಕನ್ನಡ ನೆಲಕ್ಕೆ ಹೀಗೆ ಶಾಲೆಯ ರೂಪದಲ್ಲಿ ಮರಳಿದರೆನ್ನಬಹುದು.

ರಮಾಬಾಯಿಯವರ ಕೊನೆಯ ಹದಿನೈದು, ಹದಿನೆಂಟು ವರ್ಷಗಳನ್ನು ಹೆಚ್ಚಾಗಿ ಕಬಳಿಸಿದ್ದು ಬೈಬಲಿನ ಮರಾಠಿ ಅನುವಾದ. ಆಗ ಬಳಕೆಯಲ್ಲಿದ್ದ ಮರಾಠಿ ಬೈಬಲ್ ಹಳ್ಳಿಯ ಹೆಂಗಸರಿಗೆ, ಬರದಿಂದ ಬಂದ ಹುಡುಗಿಯರಿಗೆ ತಿಳಿಯುವಂತಿರಲಿಲ್ಲ. ಸಂಸ್ಕೃತದ ತೂಕ ಹೆಚ್ಚು ಎಂದು ದೂರಿದವಳು 18,000 ಶ್ಲೋಕ ಕಂಠಸ್ಥವಿದ್ದ ಪಂಡಿತೆ ಎಂಬುದೇ ಸ್ವಾರಸ್ಯ. ಹೀಬ್ರೂ, ಗ್ರೀಕ್ ಭಾಷೆಗಳನ್ನು ಆ ವಯಸ್ಸಿನಲ್ಲಿ ಅಭ್ಯಾಸ ಮಾಡಿ, ಮೂಲವನ್ನು ನೋಡಿ, ಅಡುಗೆಮನೆಯ ಮರಾಠಿಯಲ್ಲಿ ವಾಕ್ಯಗಳನ್ನು ಕೂಡಿಸಿದರು. ತಾಯಿಯೊಬ್ಬಳು ತನ್ನ ಮಗುವಿನ ಮೇಲೆ ನುಡಿಯಬೇಕಾದ ಮಾತು ಅವಳ ಬಾಯಿಗೆ ಹಗುರಾಗಿ ಬರಬೇಕು ಎಂಬ ಕಾಳಜಿ ಇದರ ಹಿಂದಿತ್ತು. ವಿದ್ವಾಂಸರು ಆ ಅನುವಾದವನ್ನು ಹೆಚ್ಚಾಗಿ ಮೆಚ್ಚಲಿಲ್ಲ, ಅದು ಮುಕ್ತಿಯ ಆವರಣದಾಚೆ ಬಹಳ ಹಬ್ಬಲೂ ಇಲ್ಲ. ಒಬ್ಬಳೇ ಹೆಂಗಸು ಇಡೀ ಬೈಬಲನ್ನು ಮೂಲದಿಂದ ಅನುವಾದಿಸಿದ ಉದಾಹರಣೆ ಮಾತ್ರ ಜಗತ್ತಿನಲ್ಲಿಯೇ ವಿರಳ.

ತನ್ನ ನಂತರ ಮುಕ್ತಿಯನ್ನು ಮನೋರಮಾ ನಡೆಸುವಳೆಂದು ರಮಾಬಾಯಿ ಎಣಿಸಿದ್ದರು. ಆದರೆ ಮಗಳ ಆರೋಗ್ಯ ಕುಸಿಯುತ್ತ ಹೋಯಿತು. 1921ರ ಜುಲೈ ತಿಂಗಳಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ಮನೋರಮಾ ತಾಯಿಗಿಂತ ಮೊದಲೇ ತೀರಿಕೊಂಡಳು. ವರ್ಷಗಟ್ಟಲೆ ಯಾರ ತಲೆಯ ಮೇಲೆ ವಾಗ್ದಾನದ ಮಾತುಗಳನ್ನು ನುಡಿದಿದ್ದರೋ ಆ ಮಗಳಿಗಾಗಿ ಬೇಡಲು ಇನ್ನೇನೂ ಉಳಿಯಲಿಲ್ಲ. ರಮಾಬಾಯಿ ಬಹಿರಂಗವಾಗಿ ಗೋಳಾಡಲಿಲ್ಲವೆಂದು ಹತ್ತಿರದವರು ದಾಖಲಿಸಿದ್ದಾರೆ. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಮಗಳು. ತನ್ನವರೆಂಬ ಎಲ್ಲರನ್ನೂ ಕಳುಹಿಸಿಕೊಟ್ಟ ಆಕೆ ಅನುವಾದದ ಕರಡು ತಿದ್ದುವ ಕೆಲಸಕ್ಕೆ ಮರಳಿದರು.

ಆ ವೇಳೆಗೆ ಅವರ ದೇಹವೂ ಸೋತಿತ್ತು. ಕರಡು ಮುಗಿಯಲು ಹತ್ತು ದಿನ ಬೇಕಾಗುವುದೆಂದು ಲೆಕ್ಕ ಹಾಕಿ ಅಷ್ಟು ದಿನಗಳನ್ನು ಮಾತ್ರ ದೇವರಲ್ಲಿ ಬೇಡಿದರೆಂದು ಮುಕ್ತಿಯ ಹಿರಿಯರು ಹೇಳುತ್ತ ಬಂದಿದ್ದಾರೆ. 1922ರ ಏಪ್ರಿಲ್ 5ರಂದು, 64 ತುಂಬಲು ಕೆಲವೇ ದಿನಗಳಿರುವಾಗ, ನಿದ್ದೆಯಲ್ಲಿಯೇ ಅವರ ಉಸಿರು ನಿಂತಿತು. ಕೊನೆಯ ಹಾಳೆಗಳ ತಿದ್ದುಪಡಿ ಮುಗಿದಿತ್ತು. ಕೇಡಗಾಂವದ ಮುದ್ರಣಾಲಯದಲ್ಲಿ ಮುಕ್ತಿಯ ಹೆಣ್ಣುಮಕ್ಕಳೇ ಅಕ್ಷರಗಳನ್ನು ಜೋಡಿಸಿ, ಹಾಳೆಗಳನ್ನು ಮಡಚಿ, 1924ರಲ್ಲಿ ಆ ಬೈಬಲನ್ನು ಹೊರತಂದರು.